ಮಾಸಿನೊಳಗಿನ ಕಾವಲುಗಾರ

ನಮ್ಮ ಕಡೆ ಹೆರಿಗೆಯ ಸುದ್ದಿ ಬಂದಾಗ ಹಿರಿಯ ಹೆಂಗಸರು ಮೊದಲು ಕೇಳುತ್ತಿದ್ದುದು ಗಂಡೋ ಹೆಣ್ಣೋ ಎಂದಲ್ಲ, "ಕಸ ಬಿತ್ತಾ?" ಎಂದು. ಮಗು ಹೊರಗೆ ಬಂದು ಅತ್ತರೂ ಮಾಸು ಪೂರ್ತಿ ಬೀಳುವ ತನಕ ತಾಯಿಯ ಜೀವದ ಬಗ್ಗೆ ಧೈರ್ಯವಿರುತ್ತಿರಲಿಲ್ಲ. ಅದರ ಒಂದು ತುಣುಕು ಒಳಗೆ ಉಳಿದರೂ ರಕ್ತ ನಿಲ್ಲದೆಯೋ ನಂಜೇರಿಯೋ ಬಾಣಂತಿ ಹೋಗಿಬಿಡುತ್ತಿದ್ದಳು. ಅಷ್ಟು ಭಯ ಹುಟ್ಟಿಸುತ್ತಿದ್ದ ವಸ್ತುವಿಗೆ ನಾವು ಕೊಟ್ಟ ಹೆಸರು ಮಾತ್ರ ಕಸ. ಕೊಟ್ಟಿಗೆಯಲ್ಲಿ ಹಸು ಕರು ಹಾಕಿದಾಗಲೂ ಅದೇ ಮಾತು. ನನ್ನ ಅಜ್ಜಿ ಅದನ್ನು ಹಿತ್ತಲಿನಲ್ಲಿ ಆಳವಾಗಿ ಹೂಳಿಸಿ, ನಾಯಿ ಕೆದಕದ ಹಾಗೆ ಮೇಲೊಂದು ಚಪ್ಪಡಿ ಎಳೆಸುತ್ತಿದ್ದರು. ನನ್ನ ಮಕ್ಕಳು ಹುಟ್ಟುವ ಹೊತ್ತಿಗೆ ಹೆರಿಗೆ ಆಸ್ಪತ್ರೆಗೆ ಹೋಗಿತ್ತು. ಆಯಾ ಬೇಸಿನ್ನಿನಲ್ಲಿ ಹಾಕಿಕೊಂಡು ಬಾಗಿಲು ದಾಟಿದರೆ ಅಲ್ಲಿಗೆ ಮುಗಿಯಿತು. ಎಲ್ಲಿಗೆ ಒಯ್ಯುತ್ತೀರಿ ಎಂದು ಕೇಳುವ ರೂಢಿ ಯಾರಿಗೂ ಇರಲಿಲ್ಲ. ಈಗ ಅದಕ್ಕೊಂದು ಹಳದಿ ಚೀಲವಿದೆ, ಸುಡುವುದಕ್ಕೆ.

ಈ ಕಸಕ್ಕೆ ವಿಜ್ಞಾನದ ಚರಿತ್ರೆಯಲ್ಲಿ ಒಂದು ಅಧ್ಯಾಯವಿದೆ ಎಂದರೆ ನಗುತ್ತೀರೇನೋ. ನಾನು ಪ್ರಾಣಿಶಾಸ್ತ್ರ ಪಾಠ ಹೇಳಿ ನಿವೃತ್ತಳಾದವಳು, ತರಗತಿಯಲ್ಲಿ ಮಾಸಿನ ಚಿತ್ರವನ್ನು ಬಣ್ಣದ ಸೀಮೆಸುಣ್ಣದಲ್ಲಿ ಎಷ್ಟೋ ಸಲ ಬರೆದವಳು. ಆದರೂ ಈ ಸಂಗತಿ ನನ್ನ ಕಣ್ಣಿಗೆ ಬಿದ್ದದ್ದು ಬೆಂಗಳೂರಿನಲ್ಲಿ ಸಂಶೋಧನೆ ಮಾಡುವ ಅಕ್ಕನ ಮಗಳ ಪ್ರಯೋಗಾಲಯ ನೋಡಲು ಹೋದಾಗ. ಅವಳ ಮೇಜಿನ ಹತ್ತಿರ ಹೋದದ್ದೇ ತಡ, "ಚಿಕ್ಕಮ್ಮ, ಏನೂ ಮುಟ್ಟಬೇಡ, ನಿನ್ನ ಬೆರಳೇ ನಮಗೆ ಶತ್ರು" ಎಂದಳು. ಮಡಿಯಲ್ಲಿದ್ದ ನನ್ನ ಅತ್ತೆಯ ನೆನಪಾಯಿತು. ಆಮೇಲೆ ಅವಳು ಫ್ರೀಜರಿನಿಂದ ಕಿರುಬೆರಳಿನ ತುದಿಯಷ್ಟಿದ್ದ ಒಂದು ಪ್ಲಾಸ್ಟಿಕ್ ಕೊಳವೆ ತೆಗೆದು ತೋರಿಸಿದಳು. ಅದರ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿದ್ದ ಹೆಸರನ್ನು ಕನ್ನಡ ಮಾಡಿದರೆ, ಮನುಷ್ಯರ ಮಾಸಿನ ರೈಬೋನ್ಯೂಕ್ಲಿಯೇಸ್ ತಡೆಪ್ರೋಟೀನು, ರೀಕಾಂಬಿನೆಂಟ್. ಮಾಸಿಗೆ ಇಲ್ಲೇನು ಕೆಲಸ ಎಂದು ಕೇಳಿದೆ. ಅವಳಿಗೂ ಗೊತ್ತಿರಲಿಲ್ಲ. ಹೆಸರು ಹಾಗೆ ಬಂದಿದೆ ಅಷ್ಟೇ ಎಂದಳು. ಆ "ಹಾಗೆ ಬಂದಿದೆ" ಎಂಬ ಮಾತು ನನ್ನನ್ನು ಬಿಡಲಿಲ್ಲ. ಹುಡುಕಿ ಓದಿದ್ದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಮೊದಲು ಶತ್ರು ಯಾರೆಂದು ಹೇಳಬೇಕು. ಡಿ.ಎನ್.ಎ. ಎಂಬುದು ನಮ್ಮ ಪ್ರತಿ ಜೀವಕೋಶದಲ್ಲೂ ಇರುವ ಮೂಲ ಪುಸ್ತಕ. ಮನೆಯ ಹಿರಿಯರು ಬೀರುವಿನಲ್ಲಿ ಬೀಗ ಹಾಕಿಟ್ಟ ಅಡುಗೆ ಪುಸ್ತಕದ ಹಾಗೆ ಅದು ಹೊರಗೆ ಬರುವುದಿಲ್ಲ. ಮದುವೆಯ ದಿನ ಅಡುಗೆ ಭಟ್ಟರಿಗೆ ಬೇಕಾದಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಡುತ್ತೇವಲ್ಲ, ಆ ಚೀಟಿ ಆರ್.ಎನ್.ಎ. ಚೀಟಿ ನೋಡಿ ಅಡುಗೆಯಾಗುತ್ತದೆ, ಅಂದರೆ ಪ್ರೋಟೀನು ತಯಾರಾಗುತ್ತದೆ. ಕೆಲಸ ಮುಗಿದ ಚೀಟಿಗಳು ಒಲೆಯ ಸುತ್ತ ಬಿದ್ದಿದ್ದರೆ ನಿನ್ನೆಯ ಪಾಯಸವನ್ನೇ ಇವತ್ತೂ ಕಾಯಿಸಿಯಾರು. ಅದಕ್ಕೇ ಚೀಟಿ ಹರಿಯುವ ಕಿಣ್ವಗಳನ್ನೂ ದೇಹ ಇಟ್ಟುಕೊಂಡಿದೆ. ಇವುಗಳ ಹೆಸರೇ ರೈಬೋನ್ಯೂಕ್ಲಿಯೇಸ್. ನಮ್ಮ ಬೆವರಿನಲ್ಲಿ, ಎಂಜಲಿನಲ್ಲಿ, ಚರ್ಮದ ಮೇಲೆ ಎಲ್ಲೆಲ್ಲೂ ಇವೆ. ಇವುಗಳಲ್ಲಿ ಹೆಸರುವಾಸಿಯಾದ ಹಸುವಿನ ಕಿಣ್ವ ಮಹಾ ಹಟಮಾರಿ. ಕುದಿಸಿದರೂ ಸಾಯುವುದಿಲ್ಲ, ತಣ್ಣಗಾದ ಮೇಲೆ ಮತ್ತೆ ಮಡಿಕೆಯಾಗಿ ಮೊದಲಿನಂತೆ ಕೆಲಸಕ್ಕೆ ಕೂರುತ್ತದೆ. ಹಾಗಾಗಿ ಆರ್.ಎನ್.ಎ. ಓದಲು ಹೊರಟವರಿಗೆ ತಮ್ಮ ಕೈಬೆರಳೇ ವೈರಿ. ತಿಂಗಳುಗಟ್ಟಲೆಯ ಕೆಲಸವನ್ನು ಒಂದು ಬರಿಗೈ ಕೆಡಿಸಿಬಿಡಬಲ್ಲದು.

ಈ ಹಟಮಾರಿಯನ್ನು ಮೊದಲು ಹರಳುಗಟ್ಟಿಸಿ ಶುದ್ಧ ರೂಪದಲ್ಲಿ ತೆಗೆದವರು ಅಮೆರಿಕದ ರಾಕ್‌ಫೆಲರ್ ಸಂಸ್ಥೆಯ ಮೋಸೆಸ್ ಕ್ಯೂನಿಟ್ಸ್, 1940ರಲ್ಲಿ. ತೆಗೆದದ್ದು ಹಸುವಿನ ಮೇದೋಜೀರಕ ಗ್ರಂಥಿಯಿಂದ. 1950ರ ದಶಕದಲ್ಲಿ ಷಿಕಾಗೋದ ಆರ್ಮರ್ ಎಂಬ ಮಾಂಸದ ಕಂಪನಿ ತನ್ನ ಕಸಾಯಿಖಾನೆಯಲ್ಲಿ ಉಳಿದ ಗ್ರಂಥಿಗಳಿಂದ ಒಂದು ಕಿಲೋಗ್ರಾಮಿಗೂ ಹೆಚ್ಚು ಶುದ್ಧ ಕಿಣ್ವ ತಯಾರಿಸಿ, ವಿಜ್ಞಾನಿಗಳಿಗೆ ಹತ್ತು ಹತ್ತು ಮಿಲಿಗ್ರಾಮಿನಂತೆ ಹೆಚ್ಚುಕಡಿಮೆ ಪುಕ್ಕಟೆಯಾಗಿ ಹಂಚಿತು. ಎಲ್ಲರ ಕೈಗೂ ಒಂದೇ ವಸ್ತು ಸಿಕ್ಕಿದ್ದರಿಂದ ಎಲ್ಲರೂ ಅದನ್ನೇ ಹಿಡಿದು ಕೂತರು. ಕ್ರಿಶ್ಚಿಯನ್ ಆನ್ಫಿನ್ಸೆನ್ ಪ್ರೋಟೀನು ತಾನಾಗಿ ಹೇಗೆ ಮಡಿಚಿಕೊಳ್ಳುತ್ತದೆ ಎಂದು ಅದರಿಂದ ಕಲಿತರು. ರಾಕ್‌ಫೆಲರ್‌ನ ಸ್ಟ್ಯಾನ್‌ಫರ್ಡ್ ಮೂರ್ ಮತ್ತು ವಿಲಿಯಂ ಸ್ಟೈನ್ ಅದರಲ್ಲಿರುವ 124 ಅಮೈನೋ ಆಮ್ಲಗಳನ್ನು ಮಣಿಸರದ ಮಣಿಗಳಂತೆ ಒಂದೊಂದಾಗಿ ಎಣಿಸಿ ಕ್ರಮ ಹೇಳಿದರು. ಕಿಣ್ವವೊಂದರ ಮಣಿಸರವನ್ನು ಪೂರ್ತಿ ಓದಿದ್ದು ಅದೇ ಮೊದಲು. ಮೂವರಿಗೂ ಸೇರಿ 1972ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಸ್ಟೈನ್ 1969ರಲ್ಲೇ ಪಾರ್ಶ್ವವಾಯುವಿನಂಥ ಕಾಯಿಲೆಗೆ ತುತ್ತಾಗಿ ಕೈಕಾಲುಗಳ ಸ್ವಾಧೀನ ಕಳೆದುಕೊಂಡಿದ್ದರು. ಮದುವೆಯಾಗದೆ ಪ್ರಯೋಗಾಲಯವನ್ನೇ ಮನೆ ಮಾಡಿಕೊಂಡಿದ್ದ ಮೂರ್ ಕೆಲಸ ಮುಂದುವರಿಸಿದರು.

ಚೀಟಿ ಹರಿಯುವವನ ಕಥೆ ಬರೆದ ಮೂರ್, ಕೊನೆಗಾಲದಲ್ಲಿ ಅವನ ಕೈ ಹಿಡಿಯುವವನನ್ನು ಹುಡುಕಿದರು. ಅಂಥದ್ದೊಂದು ಇದೆ ಎಂಬುದು 1950ರ ದಶಕದಿಂದಲೇ ಗೊತ್ತಿತ್ತು. ಗಿನಿಯಿಲಿ, ಇಲಿಗಳ ಯಕೃತ್ತಿನ ರಸದಲ್ಲಿ ಈ ಕಿಣ್ವದ ಬಾಯಿ ಕಟ್ಟುವ ಯಾವುದೋ ಪ್ರೋಟೀನು ಇರುವುದು ಕಂಡುಬಂದಿತ್ತು. ಜೀವಕೋಶದೊಳಗೆ ದಾರಿ ತಪ್ಪಿ ನುಗ್ಗುವ ಕಿಣ್ವ ಉಪಯೋಗದಲ್ಲಿರುವ ಚೀಟಿಯನ್ನೂ ಹರಿದುಹಾಕಬಾರದಲ್ಲ, ಅದಕ್ಕೆ ಈ ಕಾವಲು. ಆದರೆ ಅದನ್ನು ಶುದ್ಧವಾಗಿ ತೆಗೆಯುವುದು ಕಷ್ಟವಾಗಿತ್ತು. ಮನುಷ್ಯರದ್ದು ಬೇಕೆಂದರೆ ಮನುಷ್ಯರ ಯಕೃತ್ತನ್ನು ಎಲ್ಲಿಂದ ತರುವುದು? ಯಾರಿಗೂ ನೋವಾಗದೆ, ದಿನವೂ, ಅರ್ಧ ಕಿಲೋ ತೂಕದ ತಾಜಾ ಮನುಷ್ಯ ಅಂಗಾಂಶ ಸಿಗುವ ಜಾಗ ಲೋಕದಲ್ಲಿ ಒಂದೇ, ಹೆರಿಗೆ ಕೋಣೆ. ಮಾಸಿನಲ್ಲಿ ಈ ಕಾವಲುಗಾರ ಸಾಕಷ್ಟು ಇದ್ದಾನೆ ಎಂಬುದೂ ತಿಳಿದಿತ್ತು.

1977ರಲ್ಲಿ ಪೀಟರ್ ಬ್ಲ್ಯಾಕ್‌ಬರ್ನ್, ಗ್ಯಾರಿ ವಿಲ್ಸನ್ ಮತ್ತು ಮೂರ್ ತಮ್ಮ ಪ್ರಬಂಧ ಪ್ರಕಟಿಸಿದರು. ಅವರ ಉಪಾಯ ಅಡುಗೆಮನೆಯವರಿಗೆ ಚೆನ್ನಾಗಿ ಅರ್ಥವಾಗುವಂಥದ್ದು. ಮಾಸನ್ನು ಅರೆದು, ಸೋಸಿ ರಸ ತೆಗೆದರು. ಬೇರೆ ಕಡೆ ಸಣ್ಣ ಮಣಿಗಳಿಗೆ ಹಸುವಿನ ಆ ಕಿಣ್ವವನ್ನೇ ಅಂಟಿಸಿ ಒಂದು ಗಾಜಿನ ಕೊಳವೆಯಲ್ಲಿ ತುಂಬಿದರು. ಮೇಲಿನಿಂದ ರಸ ಸುರಿದಾಗ ತಡೆಪ್ರೋಟೀನು ತನ್ನ ಹಳೆಯ ವೈರಿಯನ್ನು ಕಂಡು ಗಟ್ಟಿಯಾಗಿ ಅಪ್ಪಿಕೊಂಡಿತು, ಉಳಿದದ್ದೆಲ್ಲ ಕೆಳಗೆ ಹರಿದುಹೋಯಿತು. ತೊಳೆದಾದ ಮೇಲೆ ಗಾಢವಾದ ಉಪ್ಪುನೀರು ಹಾಕಿ ಆ ಹಿಡಿತ ಬಿಡಿಸಿದರು. ಇದೂ ಇನ್ನೊಂದು ಬಗೆಯ ಸೋಸುವಿಕೆಯೂ ಸೇರಿ 4,000 ಪಟ್ಟು ಶುದ್ಧವಾದ ಪ್ರೋಟೀನು ಕೈಗೆ ಬಂತು. ಎಷ್ಟು? ಒಂದು ಮಾಸಿಗೆ ಸುಮಾರು 2 ಮಿಲಿಗ್ರಾಮು. ನೂರು ತಾಯಂದಿರ ಮಾಸು ಅರೆದರೆ ಒಂದು ಸಣ್ಣ ಚಿಟಿಕೆ ಉಪ್ಪಿನಷ್ಟು.

ಆ "ಒಂದು ಮಾಸಿಗೆ" ಎಂಬ ಅಳತೆಯ ಮುಂದೆ ನಾನು ತುಂಬ ಹೊತ್ತು ಕೂತೆ. ಹಸುವಿನ ಕಿಣ್ವ ಹಂಚಿದ ಮಾಂಸದ ಕಂಪನಿಯ ಹೆಸರು ಈ ಚರಿತ್ರೆ ಹೇಳುವ ಬರಹಗಳಲ್ಲಿ ಬರುತ್ತದೆ. ಯಾವ ಮಣಿ, ಎಷ್ಟು ಉಪ್ಪು, ಎಲ್ಲಕ್ಕೂ ಪ್ರಬಂಧದಲ್ಲಿ ಲೆಕ್ಕವಿದೆ. ಹೆತ್ತವರು ಮಾತ್ರ ಇರುವುದು ಭಾಗಾಕಾರದ ಗೆರೆಯ ಕೆಳಗೆ. ಆ ಕಾಲದ ಪ್ರಬಂಧಗಳಲ್ಲಿ ತಾಯಂದಿರ ಒಪ್ಪಿಗೆಯ ಮಾತು ಬರೆಯುವ ಪದ್ಧತಿಯೇ ಇರಲಿಲ್ಲ. ಬಿಸಾಡುವ ವಸ್ತುವಿಗೆ ಒಪ್ಪಿಗೆ ಏಕೆ ಎಂಬುದು ಸಾಮಾನ್ಯ ತಿಳಿವಳಿಕೆ. ಇದನ್ನು ಕ್ರೌರ್ಯ ಎಂದು ನಾನು ಹೇಳಲಾರೆ. ಆ ಮಹಿಳೆಯರಿಗೆ ನೋವಾಗಲಿಲ್ಲ, ನಷ್ಟವಾಗಲಿಲ್ಲ. ಇನ್ನೂ ಸರಿಯಾಗಿ ಹೇಳಬೇಕೆಂದರೆ ಮಾಸಿನ ಬಹುಪಾಲು ತಾಯಿಯದೂ ಅಲ್ಲ, ಮಗುವಿನ ಕಡೆಯ ಜೀವಕೋಶಗಳಿಂದಲೇ ಕಟ್ಟಿದ್ದು. ತಾಯಿಯ ಗರ್ಭದಲ್ಲಿ, ತಾಯಿಯ ರಕ್ತ ಉಂಡು ಬೆಳೆದ ಇಬ್ಬರ ಕೂಡು ಆಸ್ತಿ ಎನ್ನಬಹುದು. ಪಾಲು ಯಾರದೇ ಇರಲಿ, ಇಬ್ಬರಲ್ಲಿ ಒಬ್ಬರಿಗೂ ಸುದ್ದಿ ಮುಟ್ಟಿಸುವ ಯೋಚನೆ ಬರಲಿಲ್ಲ ಎಂಬುದು ನನಗೆ ಕಾಣುವ ಸಂಗತಿ. 1951ರಲ್ಲಿ ತನ್ನ ಗೆಡ್ಡೆಯ ಜೀವಕೋಶಗಳನ್ನು ತಿಳಿಯದೆಯೇ ಲೋಕಕ್ಕೆ ಬಿಟ್ಟುಹೋದ ಹೆನ್ರಿಯೆಟಾ ಲ್ಯಾಕ್ಸ್‌ಗೆ ಕಡೆಗಾದರೂ ಒಂದು ಹೆಸರು ದಕ್ಕಿತು.

ಮಾಸಿನ ವ್ಯವಹಾರ ಇದೊಂದೇ ಅಲ್ಲ. ಫ್ರಾನ್ಸಿನ ಲಿಯಾನ್ ನಗರದ ಮೆರಿಯೂ ಸಂಸ್ಥೆ ಅನೇಕ ದೇಶಗಳ ಹೆರಿಗೆ ಆಸ್ಪತ್ರೆಗಳಿಂದ ಮಾಸು ತರಿಸಿಕೊಂಡು ಅದರಲ್ಲಿನ ರಕ್ತದಿಂದ ಔಷಧ ತಯಾರಿಸುತ್ತಿತ್ತು. ಗೋಷೆ ಎಂಬ ಅಪರೂಪದ ವಂಶಪಾರಂಪರ್ಯ ಕಾಯಿಲೆಗೆ 1991ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಔಷಧವೂ ಮಾಸಿನಿಂದಲೇ ತೆಗೆದ ಕಿಣ್ವ. ಒಬ್ಬ ರೋಗಿಯ ಒಂದು ವರ್ಷದ ಔಷಧಕ್ಕೆ ಸುಮಾರು 20,000 ಮಾಸು ಬೇಕಾಗುತ್ತಿತ್ತು. ಒಂದು ತಾಲ್ಲೂಕಿನಲ್ಲಿ ಹಲವು ವರ್ಷ ಆಗುವ ಹೆರಿಗೆ ಅದು! ಬ್ರಿಟನ್ನಿನಲ್ಲಿ ತಾಯಂದಿರನ್ನು ಕೇಳದೆ ಮಾಸು ಕೊಡುತ್ತಿದ್ದಾರೆ ಎಂಬ ಮಾತು ಎದ್ದು 1994ರಲ್ಲಿ ಆ ಸಂಗ್ರಹ ನಿಂತಿತು. ಏಡ್ಸ್‌ನ ಹೆದರಿಕೆಯ ಕಾಲವೂ ಅದು. ಸಾವಿರಾರು ಜನರ ರಕ್ತಭರಿತ ಅಂಗಾಂಶವನ್ನು ಒಂದೇ ಹಂಡೆಗೆ ಹಾಕುವುದಕ್ಕೆ ಯಾರಿಗೂ ಧೈರ್ಯ ಸಾಲದಾಗಿತ್ತು.

ನಮ್ಮ ಕಾವಲುಗಾರನ ಕಡೆಗೆ ಮರಳೋಣ. 1979ರಲ್ಲಿ ಜಾರ್ಜ್ ಶೀಲ್ ಮತ್ತು ಬ್ಲ್ಯಾಕ್‌ಬರ್ನ್ ಈ ಪ್ರೋಟೀನನ್ನು ಪ್ರಯೋಗದ ಕೊಳವೆಗೆ ಒಂದಿಷ್ಟು ಸೇರಿಸಿದರೆ ಆರ್.ಎನ್.ಎ. ಹರಿಯದೆ ಉಳಿದು, ಪ್ರೋಟೀನು ತಯಾರಿಕೆ ಸಲೀಸಾಗಿ ನಡೆಯುತ್ತದೆ ಎಂದು ತೋರಿಸಿದರು. ವಂಶವಾಹಿಗಳನ್ನು ಕತ್ತರಿಸಿ ಜೋಡಿಸುವ ವಿದ್ಯೆಗೆ ಆಗಷ್ಟೇ ರೆಕ್ಕೆ ಬಂದಿತ್ತು, ಎಲ್ಲರಿಗೂ ಇಡಿಯಾದ ಆರ್.ಎನ್.ಎ. ಬೇಕಿತ್ತು. ಮಾಸಿನಿಂದ ತೆಗೆದ ಈ ಪ್ರೋಟೀನನ್ನು ಅಮೆರಿಕದ ಪ್ರೊಮೆಗಾ ಕಂಪನಿ ಆರ್‌ಎನ್‌ಏಸಿನ್ ಎಂಬ ಹೆಸರಿನಲ್ಲಿ ಮಾರಿತು. ವಿಜ್ಞಾನಿಗಳು ಅದನ್ನು ಮಿಲಿಗ್ರಾಮಿನಲ್ಲೂ ಅಲ್ಲ, "ಯೂನಿಟ್ಟು" ಎಂಬ ಕಿಣ್ವದ ಲೆಕ್ಕದಲ್ಲಿ ಕೊಂಡುಕೊಳ್ಳುತ್ತಾರೆ. ಆ ಲೆಕ್ಕದಲ್ಲಿ ಭಾಗಾಕಾರದ ಗೆರೆಯ ಕೆಳಗಿದ್ದ ಮಾಸೂ ಕಾಣೆಯಾಯಿತು.

ಮುಂದಿನ ಹೆಜ್ಜೆ ಹಾರ್ವರ್ಡಿನಲ್ಲಿ. ಬರ್ಟ್ ವ್ಯಾಲಿ ಎಂಬವರ ಗುಂಪು ಗೆಡ್ಡೆಗಳು ತಮ್ಮ ಕಡೆಗೆ ರಕ್ತನಾಳಗಳನ್ನು ಹೇಗೆ ಎಳೆದುಕೊಳ್ಳುತ್ತವೆ ಎಂದು ಹುಡುಕುತ್ತಿತ್ತು. 1985ರಲ್ಲಿ ಅವರಿಗೆ ಆಂಜಿಯೋಜೆನಿನ್ ಎಂಬ ಪ್ರೋಟೀನು ಸಿಕ್ಕಿತು. ನೋಡಿದರೆ ಅದು ನಮ್ಮ ಚೀಟಿ ಹರಿಯುವ ಕಿಣ್ವದ ದಾಯಾದಿ! ಮಾಸಿನ ತಡೆಪ್ರೋಟೀನು ಅದರ ಕೈಯನ್ನೂ ಕಟ್ಟುತ್ತದೆ ಎಂದು 1987ರಲ್ಲಿ ತೋರಿಸಿದರು. ರಕ್ತನಾಳಗಳ ಬೀಡೇ ಆಗಿರುವ ಮಾಸಿನಲ್ಲಿ ರಕ್ತನಾಳ ಹಬ್ಬಿಸುವವನ ಕೈ ಕಟ್ಟುವ ಪ್ರೋಟೀನು ಇರುವುದು ಸ್ವಾರಸ್ಯವಾದ ಸಂಗತಿ. ಕುತೂಹಲ ಬೆಳೆಯಿತು. 1988ರಲ್ಲಿ ಹಾರ್ವರ್ಡಿನವರೂ, ಅವರಿಂದ ಬೇರೆಯಾಗಿ ಆಸ್ಟ್ರಿಯಾದ ಇನ್ಸ್‌ಬ್ರಕ್‌ನವರೂ ಈ ಪ್ರೋಟೀನಿನ ಪೂರ್ತಿ ಮಣಿಸರ ಓದಿದರು. 460 ಮಣಿಗಳು, ಅವುಗಳಲ್ಲಿ 32 ಗಂಧಕವಿರುವ ಸಿಸ್ಟೀನ್. ಈ ಓದಿಗೆ ನೆರವಾದದ್ದು ಮಾಸಿನ ಜೀವಕೋಶಗಳೊಳಗಿನ ಆರ್.ಎನ್.ಎ. ಚೀಟಿಗಳನ್ನು ಹರಿಯದಂತೆ ತೆಗೆದು ತಿರುಗಿ ಡಿ.ಎನ್.ಎ. ಭಾಷೆಗೆ ಬರೆದುಕೊಂಡದ್ದು. ಮರುವರ್ಷ, 1989ರಲ್ಲಿ, ಫ್ರಾಂಕ್ ಲೀ ಮತ್ತು ವ್ಯಾಲಿ ಆ ಬರಹವನ್ನು ಇ. ಕೋಲಿ ಎಂಬ ಬ್ಯಾಕ್ಟೀರಿಯಾದೊಳಗೆ ಸೇರಿಸಿದರು. ನಮ್ಮ ಕರುಳಿನಲ್ಲಿ ವಾಸಿಸುವ ಬಡಪಾಯಿ ಜೀವಿ ಮನುಷ್ಯರ ಕಾವಲು ಪ್ರೋಟೀನನ್ನು ಹೆಣೆಯತೊಡಗಿತು. ಹೀಗೆ ಒಂದು ಜೀವಿಯ ವಂಶವಾಹಿಯನ್ನು ಇನ್ನೊಂದರಲ್ಲಿ ಹೊಲಿದು ತಯಾರಿಸಿದ್ದಕ್ಕೇ ರೀಕಾಂಬಿನೆಂಟ್ ಎಂಬ ವಿಶೇಷಣ.

ಹೊಲಿದ ಕೂಡಲೇ ಕೆಲಸ ಮುಗಿಯಲಿಲ್ಲ. ಆ 32 ಸಿಸ್ಟೀನ್‌ಗಳು ಬಲು ಸೂಕ್ಷ್ಮ. ಗಾಳಿಯ ಆಮ್ಲಜನಕ ತಗುಲಿದರೆ ಒಂದಕ್ಕೊಂದು ಕೈ ಹಿಡಿದುಕೊಂಡು ಇಡೀ ಪ್ರೋಟೀನು ಸುಕ್ಕುಗಟ್ಟಿ ಕೆಡುತ್ತದೆ. ಬ್ಯಾಕ್ಟೀರಿಯಾದೊಳಗೂ ಅದು ನೆಟ್ಟಗೆ ಮಡಿಚಿಕೊಳ್ಳದೆ ಎಷ್ಟೋ ಭಾಗ ಗಂಟು ಕಟ್ಟಿದ ಅಂಬಲಿಯಂತೆ ಮುದ್ದೆಯಾಗುತ್ತಿತ್ತು. ಮಾಸಿನಲ್ಲಿ ಸದ್ದಿಲ್ಲದೆ ಆಗುತ್ತಿದ್ದ ಕೆಲಸವನ್ನು ಬ್ಯಾಕ್ಟೀರಿಯಾಕ್ಕೆ ಚೆನ್ನಾಗಿ ಕಲಿಸುವುದಕ್ಕೆ ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು ಎಂದರೆ ಆ "ಕಸ"ದ ಮೇಲೆ ಗೌರವ ಹುಟ್ಟುತ್ತದೆ. 1993ರಲ್ಲಿ ಡಲ್ಲಾಸ್ ನಗರದ ಬೊಸ್ಟ್ಯಾನ್ ಕೋಬೆ ಮತ್ತು ಯೋಹಾನ್ ಡೈಸನ್‌ಹೋಫರ್, ಹಂದಿಯಿಂದ ತೆಗೆದ ಇದೇ ಬಗೆಯ ಪ್ರೋಟೀನಿನ ಆಕಾರ ಕಂಡುಹಿಡಿದರು. ಥೇಟ್ ಕುದುರೆಯ ಲಾಳ. ಲಾಳದ ಬಾಗಿನಲ್ಲಿ ವೈರಿ ಕಿಣ್ವ ಬಂದು ಸಿಕ್ಕಿಕೊಳ್ಳುತ್ತದೆ. ಎರಡು ಪ್ರೋಟೀನುಗಳ ನಡುವೆ ನಮಗೆ ಗೊತ್ತಿರುವ ಅತಿ ಬಿಗಿಯಾದ ಹಿಡಿತಗಳಲ್ಲಿ ಇದೂ ಒಂದು. ಅಮೆರಿಕದ ಒಂದು ಕಪ್ಪೆಯ ಮೊಟ್ಟೆಯಲ್ಲಿರುವ ಕಿಣ್ವ ಮಾತ್ರ ಈ ಲಾಳಕ್ಕೆ ಸಿಗದೆ ನುಣುಚಿಕೊಂಡು ಜೀವಕೋಶವನ್ನು ಕೊಲ್ಲುತ್ತದಂತೆ. ಅದನ್ನು ಕ್ಯಾನ್ಸರಿನ ಮೇಲೆ ಛೂ ಬಿಡಲು ಪ್ರಯತ್ನಗಳು ನಡೆದವು. ಅದೇ ಒಂದು ಬೇರೆ ಕಥೆ.

ಇದೆಲ್ಲ ಅಮೆರಿಕದ, ಯೂರೋಪಿನ ಮಾತು, ನಮಗೇನು ಎನ್ನಬಹುದು. 2020ರ ಮಾರ್ಚ್ ನೆನಪಿಸಿಕೊಳ್ಳಿ. ಭಾರತದ ಮೊದಲ ಕೋವಿಡ್ ಸಾವು ಆದದ್ದು ನಮ್ಮ ಕಲಬುರ್ಗಿಯಲ್ಲಿ. ಅದಾದ ಮೇಲೆ ಎರಡು ವರ್ಷ ನಾವೆಲ್ಲ ಮೂಗು ಗಂಟಲಿಗೆ ಕಡ್ಡಿ ಹಾಕಿಸಿಕೊಳ್ಳಲು ಸಾಲಿನಲ್ಲಿ ನಿಂತೆವು. ಆ ವೈರಸ್ಸಿನ ಮೂಲ ಪುಸ್ತಕವೇ ಆರ್.ಎನ್.ಎ., ಹರಿದುಹೋಗುವ ಚೀಟಿ. ಕಡ್ಡಿಗೆ ಹತ್ತಿದ ಎಂಜಲಿನಲ್ಲಿ ಅದನ್ನು ಹರಿಯುವ ಕಿಣ್ವವೂ ಧಾರಾಳ. ಆರ್.ಟಿ.ಪಿ.ಸಿ.ಆರ್. ಪರೀಕ್ಷೆಯಲ್ಲಿ ಮೊದಲು ಆ ಆರ್.ಎನ್.ಎ.ಯನ್ನು ಬೇರ್ಪಡಿಸಿ, ಡಿ.ಎನ್.ಎ.ಗೆ ತಿರುಗಿಸಿ, ಆಮೇಲೆ ಕೋಟಿಗಟ್ಟಲೆ ನಕಲು ಮಾಡುತ್ತಾರೆ. ತಿರುಗಿಸುವ ಆ ಹೊತ್ತಿನಲ್ಲಿ ಅಳಿದುಳಿದ ಕಿಣ್ವ ಚೀಟಿ ಹರಿದರೆ ಕಾಯಿಲೆ ಇದ್ದವರಿಗೂ ಇಲ್ಲ ಎಂದು ಬರುತ್ತದೆ. ಹಾಗಾಗದಂತೆ ಪರೀಕ್ಷೆಯ ಮಿಶ್ರಣಗಳಲ್ಲಿ ಸಾಮಾನ್ಯವಾಗಿ ಈ ತಡೆಪ್ರೋಟೀನಿನ ಒಂದಿಷ್ಟು ಇರುತ್ತದೆ. ಆರ್.ಎನ್.ಎ. ಲಸಿಕೆಗಳನ್ನು ತಯಾರಿಸುವ ಪಾತ್ರೆಗೂ ಇದನ್ನು ಹಾಕುತ್ತಾರೆ. ಮನೆಯೊಳಗೆ ಬಾಗಿಲು ಹಾಕಿಕೊಂಡು ಪೋನಿನಲ್ಲಿ "ನೆಗೆಟಿವ್ ಬಂತೇ?" ಎಂದು ಮಗಳನ್ನೂ ಸೊಸೆಯನ್ನೂ ವಿಚಾರಿಸುತ್ತಿದ್ದ ಆ ದಿನಗಳಲ್ಲಿ, ಆ ಉತ್ತರದ ಹಿಂದೆ 1977ರ ಯಾವುದೋ ಹೆರಿಗೆ ಕೋಣೆಯಿತ್ತು ಎಂದು ನಮಗೆ ಯಾರಿಗೆ ಹೊಳೆದೀತು?

ಮಾಸಿನ ಬದಲು ಬ್ಯಾಕ್ಟೀರಿಯಾ ಈ ಕೆಲಸ ವಹಿಸಿಕೊಂಡದ್ದು ಒಳ್ಳೆಯದೇ ಆಯಿತು ಎಂದು ನಾನು ತಿಳಿಯುತ್ತೇನೆ. ಸೋಂಕಿನ ಭಯವಿಲ್ಲ, ಪ್ರತಿ ಸಲವೂ ಗುಣ ಒಂದೇ, ಯಾರ ಮೈಯ ಭಾಗವನ್ನೂ ಕೇಳದೆ ಒಯ್ಯಬೇಕಾಗಿಲ್ಲ. ಹಳೆಯದೇ ಚೆನ್ನಾಗಿತ್ತು ಎಂದು ಹಲುಬುವ ವಿಷಯವಲ್ಲ ಇದು. ಆದರೆ ಪ್ರಾಣಿಶಾಸ್ತ್ರದ ಪಾಠದಲ್ಲಿ ನಾವು ಆನ್ಫಿನ್ಸೆನ್, ಮೂರ್, ಸ್ಟೈನ್ ಎಂದು ಮಕ್ಕಳಿಂದ ಬಾಯಿಪಾಠ ಮಾಡಿಸುವಾಗ ಈ ಕೊಂಡಿಯನ್ನೂ ಹೇಳಬಹುದು. ಹೇಳಿದರೆ ಹುಡುಗಿಯರು ಮುಖ ಸಿಂಡರಿಸದೆ ಮಾಸಿನ ಚಿತ್ರ ಬರೆದುಕೊಂಡಾರು.

ಈಚಿನ ಒಂದು ಬೆಳವಣಿಗೆಯನ್ನೂ ಹೇಳಿಬಿಡುತ್ತೇನೆ. ಮನುಷ್ಯರ ತಡೆಪ್ರೋಟೀನಿನಲ್ಲಿ ಗಾಳಿಗೆ ಬಲು ಬೇಗ ಸೋಲುವ ಎರಡು ಸಿಸ್ಟೀನ್ ಇವೆ. ಇಲಿಯ ಪ್ರೋಟೀನಿನಲ್ಲಿ ಆ ಜೋಡಿ ಇಲ್ಲ. ಹಾಗಾಗಿ ಅದು ಕೆಡದೆ ಹೆಚ್ಚು ಕಾಲ ಬಾಳುತ್ತದೆ. ಈಗ ಎಷ್ಟೋ ಪ್ರಯೋಗಾಲಯಗಳು ಇಲಿಯದ್ದನ್ನೇ ತರಿಸುತ್ತವೆ, ಅದನ್ನೂ ಬ್ಯಾಕ್ಟೀರಿಯಾವೇ ಮಾಡಿಕೊಡುತ್ತದೆ. ಮನುಷ್ಯರದ್ದೂ ಮಾರಾಟದಲ್ಲಿದೆ. ಒಳಗಿರುವ ಪ್ರೋಟೀನು ಮಾಸನ್ನು ಕಾಣದೆ ಬಹಳ ಕಾಲವಾಗಿದ್ದರೂ ಕೆಲವು ಕೊಳವೆಗಳ ಮೇಲೆ "ಹ್ಯೂಮನ್ ಪ್ಲಸೆಂಟಲ್" ಎಂಬ ಎರಡು ಪದ ಇನ್ನೂ ಅಚ್ಚಾಗುತ್ತಿವೆ.